ಬಿಯರ್ ಪೀಪಾಯಿಯಿಂದ ಖಾಲಿ ಕುರ್ಚಿಯವರೆಗೆ: ಸೆರೆರಾಣಿಯ ವಿಚಾರಣೆಯ ಜಾಡಿನಲ್ಲಿ ಆರು ದಿನ

ಫಾದರಿಂಗೇ ಊರಿಗೆ ನೇರವಾಗಿ ಹೋಗಿ ಇಳಿದವರಿಗೆ ನಿರಾಸೆ ಖಂಡಿತ. ಒಂದು ಮಣ್ಣಿನ ದಿಬ್ಬ, ಕಂಬಿ ಬೇಲಿಯೊಳಗೆ ಒಂದು ಗಾರೆಗಲ್ಲಿನ ಮುದ್ದೆ, ಮೇಯುವ ಕುರಿಗಳು, ಪಕ್ಕದಲ್ಲಿ ಸದ್ದಿಲ್ಲದ ನದಿ. ಇಷ್ಟೇ. 1586ರ ಅಕ್ಟೋಬರ್ 14 ಮತ್ತು 15ರಂದು ಸ್ಕಾಟ್ಲೆಂಡಿನ ರಾಣಿ ಮೇರಿ ಸ್ಟುವರ್ಟ್‌ಳನ್ನು, ಇಂಗ್ಲೆಂಡಿನ ಎಲಿಜಬೆತ್ ರಾಣಿಯ ಜೀವಕ್ಕೆ ಸಂಚು ಹೂಡಿದಳೆಂದು ಇಲ್ಲಿದ್ದ ಕೋಟೆಯಲ್ಲಿ ವಿಚಾರಿಸಿದರು. ಆ ಕೋಟೆಯೇ ಈಗಿಲ್ಲ. ಹಾಗಾಗಿ ಮೊಕದ್ದಮೆ ಹೆಣೆದುಕೊಂಡು ಬಂದ ದಾರಿಯಲ್ಲೇ ಬರಬೇಕು: ಮೊದಲು ಸೆರೆ, ಆಮೇಲೆ ಪೀಪಾಯಿ, ಬಂಧನ, ನ್ಯಾಯಪೀಠ, ಕೊನೆಗೆ ಗೋರಿ. ಆ ಕ್ರಮದಲ್ಲಿ ಬಂದರೆ ದಿಬ್ಬ ಮಾತಾಡುತ್ತದೆ.

ಆರು ದಿನ ಸಾಕು. ಮೊದಲ ನಾಲ್ಕು ದಿನಕ್ಕೆ ಕಾರು ಬೇಕೇ ಬೇಕು. ಬಸ್ಸು ನಂಬಿ ಹೊರಟರೆ ದಿನಕ್ಕೊಂದು ಊರು ದಾಟುವುದೂ ಕಷ್ಟ. ಭೇಟಿಗೆ ಹೋದವರಿಗೆ ನಮ್ಮ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ಹನ್ನೆರಡು ತಿಂಗಳು ನಡೆಯುತ್ತದೆ. ಓಡಾಟವೂ ನಮ್ಮಂತೆ ಎಡಬದಿಯಲ್ಲೇ. ವೃತ್ತಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಎನ್ನುವುದೊಂದನ್ನು ಮೊದಲ ದಿನವೇ ಮೈಗೂಡಿಸಿಕೊಳ್ಳಬೇಕು.

ತಾರೀಖಿನದ್ದೂ ಒಂದು ಲೆಕ್ಕವಿದೆ. ಆಗ ಇಂಗ್ಲೆಂಡಿನಲ್ಲಿ ಜೂಲಿಯನ್ ಪಂಚಾಂಗ. ಯುರೋಪಿನ ಕ್ಯಾಥೊಲಿಕ್ ದೇಶಗಳು ಬಹುಮಟ್ಟಿಗೆ 1582ರಿಂದ ಗ್ರೆಗೋರಿಯನ್‌ಗೆ ಬದಲಾಗಿದ್ದವು. ನಡುವೆ ಹತ್ತು ದಿನದ ಅಂತರ. ಚಾಂದ್ರಮಾನ ಯುಗಾದಿ, ಸೌರಮಾನ ಯುಗಾದಿ ಎರಡನ್ನೂ ಕಂಡ ನಮಗೆ ಇದೇನೂ ದೊಡ್ಡ ತಲೆನೋವಲ್ಲ. ಆ ಅಕ್ಟೋಬರ್ 14ರ ಬೆಳಕು, ಚಳಿ, ಎಲೆಯ ಬಣ್ಣ ಬೇಕೆಂದರೆ ಇಂದಿನ ಲೆಕ್ಕದಲ್ಲಿ ಅಕ್ಟೋಬರ್ 24ಕ್ಕೆ ಅಲ್ಲಿರಬೇಕು. ಅದನ್ನೇ ನಾಲ್ಕನೆಯ ದಿನವಾಗಿ ಇಟ್ಟುಕೊಂಡು 21ಕ್ಕೆ ಡರ್ಬಿಯಿಂದ ಹೊರಟದ್ದಾಯಿತು.

ದಿನ 1: ಟಟ್‌ಬರಿ

ಡರ್ಬಿಯಿಂದ ಟಟ್‌ಬರಿಗೆ ಅರ್ಧ ಗಂಟೆ ಸಾಕು. ಡವ್ ನದಿಯ ಬಯಲು ಮುಗಿಯುವಲ್ಲಿ ಏಕಾಏಕಿ ಒಂದು ಗುಡ್ಡ, ಅದರ ನೆತ್ತಿಯ ಮೇಲೆ ಮುರಿದ ಹಲ್ಲಿನಂತೆ ಕೋಟೆಯ ಗೋಪುರಗಳು. ಗೇಟು ಹಾಕಿತ್ತು. ತಪ್ಪು ನಮ್ಮದೇ: ಕೋಟೆ ವಾರವಿಡೀ ತೆರೆದಿರುವುದಿಲ್ಲ, ಹೊರಡುವ ಮುಂಚೆ ಯಾವ ದಿನ ತೆರೆದಿದೆ ಎಂದು ನೋಡಿಕೊಳ್ಳಬೇಕಿತ್ತು. ಹಾಗೆಂದು ದಾರಿ ದಂಡವೂ ಆಗಲಿಲ್ಲ. ಗುಡ್ಡದ ಮಗ್ಗುಲಲ್ಲೇ ಸೇಂಟ್ ಮೇರಿ ಚರ್ಚು. ಅದರ ಪಶ್ಚಿಮ ಬಾಗಿಲಿನ ಕಮಾನುಗಳಲ್ಲಿ ಒಂದು ಸಾಲು ಅಲಬಾಸ್ಟರ್ ಕಲ್ಲಿನದು. ಇಂಗ್ಲೆಂಡಿನಲ್ಲಿ ಆ ಕಲ್ಲನ್ನು ಹೀಗೆ ಕೆತ್ತಿ ಬಳಸಿದ ಅತಿ ಹಳೆಯ ಉದಾಹರಣೆ ಇದೇ ಎನ್ನುತ್ತಾರೆ. ಚರ್ಚಿನ ಅಂಗಳದಿಂದ ಕೋಟೆ ಚೆನ್ನಾಗಿ ಕಾಣುತ್ತದೆ. ಗಾಳಿಯಂತೂ ಅಂಗಳಕ್ಕೂ ಕೋಟೆಗೂ ಒಂದೇ.

ಆ ಗಾಳಿಯ ಬಗ್ಗೆ ಮೇರಿ ಪತ್ರಗಳಲ್ಲಿ ದೂರಿದ್ದಳು. ಬಿರುಕು ಬಿಟ್ಟ ಗಾರೆಯಿಂದ ನುಗ್ಗುವ ಗಾಳಿ, ಒಸರುವ ಗೋಡೆ, ಕೆಳಗಿನ ಪಾಯಿಖಾನೆಗಳ ನಾತ. ಸ್ಕಾಟ್ಲೆಂಡಿನಲ್ಲಿ ಲ್ಯಾಂಗ್‌ಸೈಡ್ ಕಾಳಗದಲ್ಲಿ ಸೋತು, 1568ರ ಮೇ 16ರಂದು ಮೀನುಗಾರರ ದೋಣಿಯಲ್ಲಿ ಕೊಲ್ಲಿ ದಾಟಿ ವರ್ಕಿಂಗ್ಟನ್ ದಡಕ್ಕೆ ಇಳಿದವಳು ಆಕೆ. ಎಲಿಜಬೆತ್ ನೆಂಟಳು, ಸೈನ್ಯ ಕೊಟ್ಟು ಸಿಂಹಾಸನಕ್ಕೆ ಮರಳಿಸುತ್ತಾಳೆ ಎಂಬ ನಂಬಿಕೆ. ನೆಂಟಳು ಮುಖವನ್ನೇ ತೋರಿಸಲಿಲ್ಲ. ಇಬ್ಬರೂ ಕೊನೆಯವರೆಗೂ ಭೇಟಿಯಾಗಲಿಲ್ಲ. ಕಾರ್ಲೈಲ್, ಬೋಲ್ಟನ್, ಟಟ್‌ಬರಿ, ಶೆಫೀಲ್ಡ್ ಎಂದು ಹತ್ತೊಂಬತ್ತು ವರ್ಷಕ್ಕೆ ಹತ್ತಿರದ ಸೆರೆವಾಸ. ಹೆಸರಿಗೆ ಅತಿಥಿ, ಬಾಗಿಲಿಗೆ ಕಾವಲು.

ಇಡೀ ಪ್ರವಾಸಕ್ಕೆ ಹಿಡಿದುಕೊಳ್ಳಬೇಕಾದ ವಸ್ತುವೊಂದು ಟಟ್‌ಬರಿಯಲ್ಲಿ ಸಿಗುತ್ತದೆ: ಮೇಲ್ಕಟ್ಟು. ರಾಜ ಕೂರುವ ಆಸನದ ಹಿಂದೆ ಇಳಿಬಿಟ್ಟು ತಲೆಯ ಮೇಲೆ ಚಾಚಿ ಕಟ್ಟುವ ಕಸೂತಿ ಬಟ್ಟೆ. ಅದರಡಿ ಕೂತವರು ಅರಸರು, ಉಳಿದವರೆಲ್ಲ ನಿಂತವರು. ಮೇರಿ ಹೋದಲ್ಲೆಲ್ಲ ಅದನ್ನು ಕೊಂಡೊಯ್ಯುತ್ತಿದ್ದಳು. 1585ರಲ್ಲಿ ಹೊಸ ಕಾವಲುದಾರನಾಗಿ ಬಂದ ಸರ್ ಏಮಿಯಸ್ ಪಾಲೆಟ್ ಇಲ್ಲಿ ಮೊದಲು ಕೈ ಹಾಕಿದ್ದು ಅದಕ್ಕೇ, ಬಿಚ್ಚಿಸಿಬಿಟ್ಟ. ಮೇರಿ ಜಗಳವಾಡಿ ಮತ್ತೆ ಕಟ್ಟಿಸಿಕೊಂಡಳು. ಹಠಮಾರಿ ರಾಣಿ, ಹಠಮಾರಿ ಕಾವಲುದಾರ ಎಂದು ನಕ್ಕು ಬಿಡಬಹುದು. ಆದರೆ ಮುಂದಿನ ವರ್ಷದ ವಿಚಾರಣೆಯ ಪ್ರಶ್ನೆ ಆ ಬಟ್ಟೆಯೊಳಗೇ ಇತ್ತು. ಅರಸಿ ಇನ್ನೊಂದು ದೇಶದ ಪ್ರಜೆಯಲ್ಲ. ಪ್ರಜೆಯಲ್ಲದವಳು ಆ ದೇಶದ ರಾಣಿಗೆ ಬಗೆಯುವ ರಾಜದ್ರೋಹ ಯಾವುದು?

ದಿನ 2: ಬರ್ಟನ್, ಚಾರ್ಟ್ಲಿ, ಟಿಕ್ಸಲ್

ಬರ್ಟನ್ ಊರಿನ ಗಾಳಿಯಲ್ಲಿ ಇವತ್ತಿಗೂ ಹುದುಗಿನ ವಾಸನೆ, ದೋಸೆ ಹಿಟ್ಟು ಹುಳಿ ಬಂದಾಗಿನದಕ್ಕೆ ದೂರದ ನೆಂಟು. ನೆಲದಡಿಯ ಜಿಪ್ಸಮ್ ಕರಗಿದ ಗಡಸು ನೀರು ಇಲ್ಲಿನ ಬಿಯರಿಗೆ ಹೆಸರು ತಂದಿತು. ಸೆರೆಯಲ್ಲಿದ್ದ ಮೇರಿಯ ಪರಿವಾರಕ್ಕೂ ಬಿಯರ್ ಹೋಗುತ್ತಿದ್ದುದು ಇಲ್ಲಿಂದಲೇ. ಮೊಕದ್ದಮೆಯ ಅಡಿಪಾಯ ಬಿದ್ದದ್ದು ಆ ಗಾಡಿಗಳಲ್ಲಿ.

1585ರ ಕ್ರಿಸ್‌ಮಸ್ ಹೊತ್ತಿಗೆ ಮೇರಿಯನ್ನು ಚಾರ್ಟ್ಲಿಗೆ ಸಾಗಿಸಿದರು. ಪಾಲೆಟ್ ಆಕೆಯ ಪತ್ರವ್ಯವಹಾರದ ದಾರಿಗಳನ್ನೆಲ್ಲ ಮುಚ್ಚಿಹಾಕಿದ್ದ. ಆಗ ಎಲಿಜಬೆತ್‌ಳ ಕಾರ್ಯದರ್ಶಿ ಫ್ರಾನ್ಸಿಸ್ ವಾಲ್ಸಿಂಗಮ್ ಒಂದೇ ಒಂದು ದಾರಿಯನ್ನು ತಾನೇ ತೆರೆದ. ಗಿಲ್ಬರ್ಟ್ ಗಿಫರ್ಡ್ ಎಂಬ ಕ್ಯಾಥೊಲಿಕ್ ಯುವಕ ಎರಡು ಕಡೆಯೂ ಕಾಲಿಟ್ಟವನು. ಮೇರಿಗೆಂದು ಬಂದು ಫ್ರೆಂಚ್ ರಾಯಭಾರಿಯ ಮನೆಯಲ್ಲಿ ಬಿದ್ದಿದ್ದ ಪತ್ರಗಳನ್ನು ತಲುಪಿಸುತ್ತೇನೆಂದು ಒಪ್ಪಿಕೊಂಡ. ಪತ್ರಗಳನ್ನು ಸುರುಳಿ ಸುತ್ತಿ, ನೀರು ತಾಗದಂತೆ ತೊಗಲಲ್ಲಿ ಬಿಗಿದು, ಪೀಪಾಯಿಯ ಬಿರಡೆಯಲ್ಲಿ ಅಡಗಿಸುವುದು. ತುಂಬಿದ ಪೀಪಾಯಿ ಒಳಗೆ ಹೋಗುವಾಗ ಪತ್ರ ಒಳಗೆ, ಖಾಲಿ ಪೀಪಾಯಿ ಮರಳುವಾಗ ಉತ್ತರ ಹೊರಗೆ. ನಡುವೆ ಪ್ರತಿಯೊಂದು ಪತ್ರವೂ ಥಾಮಸ್ ಫೆಲಿಪ್ಸ್ ಎಂಬ ಗುಪ್ತಲಿಪಿ ಪರಿಣತನ ಮೇಜಿಗೆ. ಮುದ್ರೆ ಒಡೆದು ಮತ್ತೆ ಗುರುತು ಸಿಗದಂತೆ ಅಂಟಿಸಲು ಆರ್ಥರ್ ಗ್ರೆಗರಿ ಎಂಬ ಬೇರೊಬ್ಬ.

ಬಿಯರ್ ಮಾಡುವವನ ಹೆಸರು ಪತ್ರಗಳಲ್ಲಿ ಬರುವುದಿಲ್ಲ. ಅವನನ್ನು ‘ಪ್ರಾಮಾಣಿಕ ಮನುಷ್ಯ’ ಎಂದೇ ಕರೆದರು. ಮೇರಿಯಿಂದಲೂ ದುಡ್ಡು, ಪಾಲೆಟ್‌ನಿಂದಲೂ ದುಡ್ಡು. ಅದೂ ಸಾಲದೆ, ತಾನಿಲ್ಲದೆ ಕೆಲಸ ನಡೆಯದು ಎಂದು ಗೊತ್ತಾದಮೇಲೆ ಬಿಯರಿನ ರೇಟೂ ಏರಿಸಿದ. ಪಾಲೆಟ್ ಗೊಣಗಿಕೊಂಡೇ ಕೊಟ್ಟ.

ಬರ್ಟನ್‌ನಿಂದ ಯುಟಾಕ್ಸಿಟರ್ ಕಡೆಗೆ ಸಾಗಿದರೆ ಊಟದ ಹೊತ್ತಿಗೆ ಓಟ್‌ಕೇಕ್ ಸಿಗುವ ಸೀಮೆ. ಹೆಸರು ನೋಡಿ ಕೇಕ್ ಎಂದುಕೊಳ್ಳಬೇಡಿ. ನುಣ್ಣಗಿನ ಓಟ್ಸ್ ಹಿಟ್ಟು, ಗೋಧಿ ಹಿಟ್ಟು, ಯೀಸ್ಟ್ ಕಲಸಿ, ಹುದುಗಲು ಬಿಟ್ಟು ಕಾವಲಿಯ ಮೇಲೆ ಹೊಯ್ಯುವ ಸಾಕ್ಷಾತ್ ದೋಸೆ. ನೀರುದೋಸೆಗಿಂತ ದಪ್ಪ, ಸೆಟ್‌ದೋಸೆಗಿಂತ ತೆಳು. ಸಸ್ಯಾಹಾರಿಗಳು ಚೀಸ್ ಮತ್ತು ಅಣಬೆ ಎಂದು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಬೇಕನ್ ಬಂದು ಕೂರುತ್ತದೆ. ಹೊಯ್ಯುತ್ತಿದ್ದಾಕೆಗೆ ನಮ್ಮಲ್ಲೂ ಹೀಗೇ ಇದೆ, ಅಕ್ಕಿ ಉದ್ದಿನದು ಎಂದು ಹೇಳಿದಾಗ ಆಕೆ ಕೇಳಿದ್ದು ಒಂದೇ: ಹಿಟ್ಟು ಎಷ್ಟು ಹೊತ್ತು ಇಡುತ್ತೀರಿ? ರಾತ್ರಿಯಿಡೀ ಎಂದದ್ದಕ್ಕೆ ಹುಬ್ಬೇರಿಸಿದಳು.

ಯುಟಾಕ್ಸಿಟರ್‌ನಿಂದ ಸ್ಟಾಫರ್ಡ್ ರಸ್ತೆ ಹಿಡಿದರೆ ಬಲಗಡೆಯ ದಿಣ್ಣೆಯ ಮೇಲೆ ಚಾರ್ಟ್ಲಿ ಕೋಟೆಯ ದುಂಡು ಗೋಪುರಗಳ ಅವಶೇಷ. ಖಾಸಗಿ ಜಮೀನು, ಒಳಗೆ ಬಿಡುವುದಿಲ್ಲ; ರಸ್ತೆ ಬದಿ ಕಾರು ನಿಲ್ಲಿಸುವಷ್ಟು ಅಗಲವೂ ಇಲ್ಲ. ಮುಂದಿನ ತಿರುವಿನಲ್ಲಿ ನಿಲ್ಲಿಸಿ ಹಿಂದಕ್ಕೆ ನಡೆದು ಬರುವುದು ವಾಸಿ. ಮೇರಿ ಇದ್ದದ್ದು ಕೋಟೆಯಲ್ಲಲ್ಲ, ಹತ್ತಿರದ ಕಂದಕ ಸುತ್ತಿದ ಮನೆಯಲ್ಲಿ. ಆ ಮನೆ 1781ರಲ್ಲಿ ಸುಟ್ಟುಹೋಯಿತು.

ಇಲ್ಲಿ ಸ್ವಲ್ಪ ಹೊತ್ತು ನಿಂತು ಗುಪ್ತಲಿಪಿಯನ್ನು ಯೋಚಿಸಬೇಕು. ಮೇರಿ ಮತ್ತು ಆಕೆಯನ್ನು ಬಿಡಿಸಿ ಎಲಿಜಬೆತ್‌ಳ ಸಿಂಹಾಸನಕ್ಕೇರಿಸಲು ಸಂಚು ಹೂಡಿದ್ದ ಕ್ಯಾಥೊಲಿಕ್ ಯುವಕ ಆಂಟನಿ ಬ್ಯಾಬಿಂಗ್ಟನ್ ಬಳಸಿದ್ದು 23 ಅಕ್ಷರಗಳಿಗೆ 23 ಚಿಹ್ನೆ, ಪದೇ ಪದೇ ಬರುವ ಪದಗಳಿಗೆ ಮೂವತ್ತಕ್ಕೂ ಹೆಚ್ಚು ಬೇರೆ ಚಿಹ್ನೆ, ಅರ್ಥವೇ ಇಲ್ಲದ 4 ಸುಳ್ಳು ಚಿಹ್ನೆ, ಮುಂದಿನ ಅಕ್ಷರ ಎರಡು ಸಲ ಬರುತ್ತದೆ ಎಂದು ಹೇಳಲು ಒಂದು. ನೋಡಲು ಭಾರಿ ಜಟಿಲ. ಆದರೆ ಒಂದು ಅಕ್ಷರಕ್ಕೆ ಒಂದೇ ಚಿಹ್ನೆ ಇರುವ ತನಕ, ಯಾವುದು ಎಷ್ಟು ಸಲ ಬಂತೆಂದು ಎಣಿಸಿದರೆ ಬಾಗಿಲು ತೆರೆಯುತ್ತದೆ. ಫೆಲಿಪ್ಸ್‌ಗೆ ಅದು ದಿನನಿತ್ಯದ ಕಸುಬು. ಗುಪ್ತಲಿಪಿ ಇಲ್ಲದೆ ಬರೆದಿದ್ದರೆ ಮೇರಿ ಎಚ್ಚರವಾಗಿಯಾದರೂ ಬರೆಯುತ್ತಿದ್ದಳೇನೋ. ಬೀಗ ಇದೆಯೆಂದು ನಂಬಿ ಮನಸ್ಸು ಬಿಚ್ಚಿದಳು.

1586ರ ಜುಲೈ 6ರ ಪತ್ರದಲ್ಲಿ ಬ್ಯಾಬಿಂಗ್ಟನ್ ಎಲ್ಲವನ್ನೂ ಬರೆದ: ಹೊರಗಿನ ಸೈನ್ಯ ಇಳಿಯುವುದು, ಮೇರಿಯನ್ನು ಬಿಡಿಸುವುದು, ಎಲಿಜಬೆತ್‌ಳನ್ನು ಮುಗಿಸಲು ಆರು ಮಂದಿ. ಜುಲೈ 17ಕ್ಕೆ ಮೇರಿಯ ಉತ್ತರ. ಆಕೆಯ ಕಾರ್ಯದರ್ಶಿ ಕ್ಲಾಡ್ ನೋ ಫ್ರೆಂಚಿನಲ್ಲಿ ಕರಡು ಮಾಡಿದ, ಗಿಲ್ಬರ್ಟ್ ಕರ್ಲ್ ಇಂಗ್ಲಿಷಿಗೆ ತಂದು ಗುಪ್ತಲಿಪಿಗೆ ಇಳಿಸಿದ. ಅಂದರೆ ಮೇರಿಯ ಕೈಬರಹ ಎಲ್ಲೂ ಇಲ್ಲ. ಅದನ್ನು ಬಿಡಿಸಿದ ಫೆಲಿಪ್ಸ್ ತನ್ನ ಪ್ರತಿಯ ಮೇಲೆ ನೇಣುಗಂಬದ ಚಿತ್ರ ಬರೆದ. ಅಷ್ಟಕ್ಕೇ ಬಿಡದೆ, ಆ ಆರು ಮಂದಿಯ ಹೆಸರು ಕೇಳುವ ಸಾಲುಗಳನ್ನು ಪತ್ರದ ಕೊನೆಗೆ ತಾನೇ ಸೇರಿಸಿದ. ವಿಚಾರಣೆಯಲ್ಲಿ ಆ ಸಾಲುಗಳ ಸದ್ದೇ ಇಲ್ಲ. ಓದಿದ್ದರೆ ಉಳಿದ ಪತ್ರದ ಮೇಲೂ ಅನುಮಾನ ಬೀಳುತ್ತಿತ್ತು.

ಟಿಕ್ಸಲ್‌ಗೆ ಮುಟ್ಟಿದಾಗ ಜಿಟಿಜಿಟಿ ಮಳೆ. ಹಸಿರು ಬಯಲಿನ ನಡುವೆ ಮನೆಯೇ ಇಲ್ಲದ ಹೆಬ್ಬಾಗಿಲು, ಮೂರು ಅಂತಸ್ತಿನದು. ಹಿಂದಿದ್ದ ಬಂಗಲೆ ಹೋಗಿ ಬಾಗಿಲು ಮಾತ್ರ ಉಳಿದಿದೆ. ಈಗ ಅದನ್ನು ಪ್ರವಾಸಿಗಳಿಗೆ ತಂಗಲು ಬಾಡಿಗೆಗೆ ಕೊಡುತ್ತಾರೆ. ಉಳಿದವರು ದೂರದಿಂದ ನೋಡಬೇಕು. 1586ರ ಆಗಸ್ಟ್ 11ರಂದು, ಬೇಟೆಗೆ ಕರೆದೊಯ್ಯುತ್ತೇವೆಂದು ಮೇರಿಯನ್ನು ಚಾರ್ಟ್ಲಿಯಿಂದ ಈ ಕಡೆಗೆ ಹೊರಡಿಸಿದರು. ಎದುರಿಗೆ ಬಂದ ಕುದುರೆ ಸವಾರರು ತನ್ನನ್ನು ಬಿಡಿಸಲು ಬಂದವರೇನೋ ಎಂದುಕೊಂಡವಳಿಗೆ ಅವರು ಬಂಧನದ ಆಜ್ಞೆ ಓದಿದರು. ಎರಡು ವಾರ ಟಿಕ್ಸಲ್‌ನಲ್ಲಿ ಕೂಡಿಟ್ಟು, ಅಷ್ಟರಲ್ಲಿ ಚಾರ್ಟ್ಲಿಯ ಕೋಣೆಗಳಲ್ಲಿದ್ದ ಕಾಗದವೆಲ್ಲ ಲಂಡನ್ನಿಗೆ.

ದಿನ 3: ಲೆಸ್ಟರ್ ಮೂಲಕ ಔಂಡಲ್

ಚಾರ್ಟ್ಲಿಯಿಂದ ಹೊರಟ ಮೇರಿ ಫಾದರಿಂಗೇ ಮುಟ್ಟಲು ನಾಲ್ಕು ದಿನ ಹಿಡಿಯಿತು. ಸೆಪ್ಟೆಂಬರ್ 25ಕ್ಕೆ ಒಳಗೆ. ಈಗ ಕಾರಿನಲ್ಲಿ ಎರಡೂವರೆ ಗಂಟೆ. ಹಾಗಾಗಿ ಲೆಸ್ಟರ್‌ನಲ್ಲಿ ನಿಧಾನಿಸಬಹುದು. ಬೆಲ್‌ಗ್ರೇವ್ ರಸ್ತೆಯಲ್ಲಿ ಗುಜರಾತಿ ತಾಲಿ ತಿಂದರೆ ಎರಡು ದಿನದ ಬ್ರೆಡ್ಡಿನ ಬೇಸರ ತೀರುತ್ತದೆ. ದೀಪಾವಳಿಯ ಆಸುಪಾಸಾದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ದೂರದಲ್ಲೇ ಬಿಟ್ಟು ನಡೆಯಿರಿ. ಫಾದರಿಂಗೇಯಲ್ಲಿ 1452ರಲ್ಲಿ ಹುಟ್ಟಿದ ಮೂರನೇ ರಿಚರ್ಡ್ ದೊರೆಯ ಎಲುಬುಗಳು 2012ರಲ್ಲಿ ಸಿಕ್ಕಿದ್ದು ಇದೇ ಊರಿನ ಕಾರ್ ಪಾರ್ಕಿಂಗ್ ಅಡಿಯಲ್ಲಿ. ಈಗ ಲೆಸ್ಟರ್ ಕೆಥೆಡ್ರಲ್‌ನಲ್ಲಿ ಗೋರಿ.

ಪೂರ್ವಕ್ಕೆ ಹೋದಂತೆ ಇಟ್ಟಿಗೆ ಮನೆಗಳು ಕಡಿಮೆಯಾಗಿ ಜೇನುಬಣ್ಣದ ಕಲ್ಲಿನ ಮನೆಗಳು ಶುರುವಾಗುತ್ತವೆ. ಔಂಡಲ್ ಪೂರ್ತಿ ಅದೇ ಕಲ್ಲು. ಅಲ್ಲಿನ ಟಾಲ್ಬಟ್ ಹೋಟೆಲಿನ ಹಳೆಯ ಮರದ ಮೆಟ್ಟಿಲು ಫಾದರಿಂಗೇ ಕೋಟೆಯದು, ಮೇರಿ ಸಾವಿಗೆ ಇಳಿದು ಬಂದದ್ದು ಇದೇ ಮೆಟ್ಟಿಲಲ್ಲಿ ಎಂಬ ಪ್ರತೀತಿ. ಸಾಬೀತು ಮಾಡುವ ಕಾಗದವೇನಿಲ್ಲ. ಕೋಟೆ ಕೆಡವಿದಾಗ ಕಲ್ಲು ಮರ ಸುತ್ತಲ ಊರುಗಳಿಗೆ ಹೋದದ್ದಂತೂ ಹೌದು. ಇಂಗ್ಲೆಂಡಿರಲಿ ಹಂಪೆಯ ಸುತ್ತಲಿರಲಿ, ಬಿದ್ದ ಕೋಟೆ ಯಾರದೋ ಮನೆಯ ಗೋಡೆಯಾಗುತ್ತದೆ. ಮೆಟ್ಟಿಲ ಮೇಲೆ ಬೆರಳಾಡಿಸಲು ಯಾರೂ ಬೇಡವೆನ್ನಲಿಲ್ಲ. ಪಬ್ಬುಗಳ ಅಡುಗೆಮನೆ ಮಧ್ಯಾಹ್ನ ಎರಡೂವರೆಗೆ ಮುಚ್ಚಿದರೆ ಮತ್ತೆ ಆರಕ್ಕೇ ತೆರೆಯುವುದು. ನಾಲ್ಕಕ್ಕೆ ಬಂದವರಿಗೆ ಟೀ ಮತ್ತು ಸ್ಕೋನ್ ಮಾತ್ರ ಗತಿ.

ದಿನ 4: ಫಾದರಿಂಗೇ

ಔಂಡಲ್‌ನಿಂದ ಆರೇಳು ಕಿಲೋಮೀಟರ್. ನಡೆದೇ ಹೋಗಬಹುದು, ನದಿಯ ಮಗ್ಗುಲ ಕಾಲುದಾರಿಯಿದೆ. ನಾರ್ಥಾಂಪ್ಟನ್ ಕಡೆಯವರು ಈ ನದಿಯನ್ನು ‘ನೆನ್’ ಎನ್ನುತ್ತಾರೆ, ಪೀಟರ್‌ಬರೋ ಕಡೆಯವರು ‘ನೀನ್’. ದಾರಿ ಕೇಳುವಾಗ ‘ನೆನ್’ ಎಂದದ್ದಕ್ಕೆ ನಾಯಿ ಹಿಡಿದು ಬಂದ ಹಿರಿಯರೊಬ್ಬರು ನಿಂತು ತಿದ್ದಿ, ಆಮೇಲೆ ದಾರಿ ಹೇಳಿದರು. ಮಳೆ ಬಿದ್ದ ಮರುದಿನ ಆ ಜೇಡಿಮಣ್ಣಿಗೆ ಸಾಮಾನ್ಯ ಷೂ ಆಗದು. ಒಂದೊಂದು ಹೆಜ್ಜೆಗೂ ಅರ್ಧ ಕಿಲೋ ಕೆಸರು ಅಂಟಿಕೊಂಡು, ಎರಡು ಕಿಲೋಮೀಟರಿಗೇ ಸೋತು ಹಿಂದೆ ಬಂದು ಕಾರು ಹತ್ತಿದ್ದಾಯಿತು. ಗಂಬೂಟು ಇಲ್ಲದಿದ್ದರೆ ಕಾರೇ ಸರಿ.

ದೂರದಿಂದ ಮೊದಲು ಕಾಣುವುದು ಚರ್ಚಿನ ಎಂಟು ಮೂಲೆಯ ಗೋಪುರ. ಕೋಟೆಯ ಜಾಗಕ್ಕೆ ಊರಂಚಿನ ತೋಟದ ಮನೆಯ ಪಕ್ಕದಿಂದ ದಾರಿ. ಟಿಕೆಟ್ ಇಲ್ಲ, ಕಾವಲುಗಾರ ಇಲ್ಲ. ಗೇಟು ತೆರೆದವರು ಮುಚ್ಚಬೇಕು, ಕುರಿಗಳಿವೆ. ದಿಬ್ಬದ ಹುಲ್ಲು ಜಾರುತ್ತದೆ; ಓರೆಯಾಗಿ ಹತ್ತಬೇಕು. ಮೇಲೆ ನಿಂತರೆ ಒಂದು ಕಡೆ ನದಿಯ ತಿರುವು, ಅದರ ದಡದಲ್ಲಿ ಬೇಲಿಯೊಳಗಿನ ಕಲ್ಲಿನ ಮುದ್ದೆ. ಬೇಲಿಯ ಮೇಲೆ ಎರಡು ಫಲಕ, ಒಂದು ಇಲ್ಲಿ ಹುಟ್ಟಿದ ರಿಚರ್ಡ್‌ಗೆ, ಇನ್ನೊಂದು ಇಲ್ಲಿ ಸತ್ತ ಮೇರಿಗೆ. ದಿಬ್ಬಕ್ಕೂ ನದಿಗೂ ನಡುವಿನ ಹುಲ್ಲು ಒಳಕೋಟೆಯ ಜಾಗ.

ಒಂದು ಸಲಹೆ: ವಿಚಾರಣೆಯ ಕೋಣೆಯಲ್ಲಿ ಯಾರು ಎಲ್ಲಿ ಕೂತಿದ್ದರೆಂಬ ರೇಖಾಚಿತ್ರವೊಂದು ರಾಬರ್ಟ್ ಬೀಲ್ ಎಂಬ ಅಧಿಕಾರಿಯ ಕಾಗದಗಳಲ್ಲಿ ಉಳಿದಿದೆ, ಮೂಲ ಬ್ರಿಟಿಷ್ ಲೈಬ್ರರಿಯಲ್ಲಿ. ಅದರ ಪ್ರತಿ ಮುದ್ರಿಸಿ ತಂದುಕೊಳ್ಳಿ. ಮೊಬೈಲ್ ನೆಚ್ಚಬೇಡಿ, ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಹುಲ್ಲಿನ ಮೇಲೆ ಒಂದು ಉದ್ದ ಚೌಕ ಕಲ್ಪಿಸಿಕೊಳ್ಳಿ. ಮೇಲ್ತುದಿಯಲ್ಲಿ ಮೇಲ್ಕಟ್ಟಿನಡಿ ಒಂದು ಸಿಂಹಾಸನ, ಖಾಲಿ. ಅದು ಬಾರದ ಎಲಿಜಬೆತ್‌ಳದು. ಎರಡೂ ಗೋಡೆಯುದ್ದ ಬೆಂಚುಗಳಲ್ಲಿ ಆಯೋಗದ ಸದಸ್ಯರು, ಮೂವತ್ತಕ್ಕೂ ಹೆಚ್ಚು ಮಂದಿ, ಅರ್ಲ್‌ಗಳು ಒಂದು ಕಡೆ, ಬ್ಯಾರನ್‌ಗಳು ಇನ್ನೊಂದು ಕಡೆ. ನಡುವೆ ಮೇಜು, ಸರಕಾರಿ ವಕೀಲರು, ಗುಮಾಸ್ತರು. ಮೇರಿಗೆ ಸಿಂಹಾಸನದಿಂದ ಕೆಳಗೆ ಬೇರೆ ಕುರ್ಚಿ. ಕೀಲುನೋವಿನಿಂದ ಕುಂಟುತ್ತ, ಕಪ್ಪು ಮಖಮಲ್ಲಿನ ಉಡುಪಿನಲ್ಲಿ, ಇಬ್ಬರ ಆಸರೆಯಲ್ಲಿ ಒಳಬಂದವಳು ಮೊದಲು ಹೇಳಿದ್ದೇ ಕುರ್ಚಿಯ ಮಾತು: ಹುಟ್ಟಿನಿಂದ ರಾಣಿಯಾದ ತನ್ನ ಜಾಗ ಅಲ್ಲಿ, ಆ ಮೇಲ್ಕಟ್ಟಿನ ಕೆಳಗೆ.

ಬರುವುದಕ್ಕೇ ಆಕೆ ಒಪ್ಪಿರಲಿಲ್ಲ. ತಾನು ಪ್ರಜೆಯಲ್ಲ, ತನ್ನ ಸರೀಕರಾದ ಅರಸರು ಇಲ್ಲಿ ಯಾರೂ ಇಲ್ಲ, ಈ ನೆಲದ ಕಾನೂನು ತನಗೆ ರಕ್ಷಣೆ ಕೊಟ್ಟಿಲ್ಲ, ಸೆರೆ ಮಾತ್ರ ಕೊಟ್ಟಿದೆ ಎಂದು ವಾದ. ಎಲಿಜಬೆತ್‌ಳ ಹಿರಿಯ ಮಂತ್ರಿ, ಬರ್ಲಿ ಪ್ರಭು ವಿಲಿಯಂ ಸೆಸಿಲ್ ಮತ್ತು ಚಾನ್ಸಲರ್ ಬ್ರಾಮ್ಲಿ ಗದರಿದರು: ಬಾರದಿದ್ದರೂ ವಿಚಾರಣೆ ನಡೆಯುತ್ತದೆ. ಆಯೋಗದ ಇನ್ನೊಬ್ಬ ಸದಸ್ಯ ಕ್ರಿಸ್ಟೋಫರ್ ಹ್ಯಾಟನ್ ನಯವಾಗಿ ಹೇಳಿದ: ನಿರಪರಾಧಿಯಾಗಿದ್ದೂ ಬಾರದಿದ್ದರೆ ಹೆಸರಿಗೇ ಕಳಂಕ. ಹ್ಯಾಟನ್‌ನ ಮಾತು ನಾಟಿತು. ತನ್ನ ಆಕ್ಷೇಪವನ್ನು ಬರೆದುಕೊಳ್ಳಬೇಕೆಂಬ ಷರತ್ತಿನ ಮೇಲೆ ಬಂದಳು. ಬರೆದುಕೊಂಡರು, ಉತ್ತರ ಕೊಡಲಿಲ್ಲ.

ಉತ್ತರ ಬೇಕಿರಲೂ ಇಲ್ಲ ಎಂಬುದೇ ಇಲ್ಲಿನ ಸೂಕ್ಷ್ಮ. ಪಾರ್ಲಿಮೆಂಟು 1585ರಲ್ಲಿ ಹೊಸ ಕಾಯಿದೆ ಮಾಡಿತ್ತು, ರಾಣಿಯ ಜೀವರಕ್ಷಣೆಗೆಂದು. ಕಿರೀಟಕ್ಕೆ ಹಕ್ಕು ಹೇಳಬಹುದಾದ ಯಾರೇ ಆಗಲಿ, ಅವರ ಅರಿವಿನಲ್ಲಿ ರಾಣಿಯ ವಿರುದ್ಧ ಸಂಚು ನಡೆದರೆ ಕನಿಷ್ಠ 24 ಮಂದಿಯ ಆಯೋಗ ವಿಚಾರಿಸಬಹುದು ಎಂದು ಅದರ ಸಾರ. ಪ್ರಜೆಯೋ ಅಲ್ಲವೋ ಎಂಬ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸುವಂತೆ ಹೊಲಿದ ಅಂಗಿ, ಅಳತೆ ಮೇರಿಯದೇ. ಅದಕ್ಕೂ ಮುಂಚೆ, ಎಲಿಜಬೆತ್‌ಳನ್ನು ಕೊಲ್ಲಲು ನೋಡಿದವರನ್ನು, ಅದರಿಂದ ಲಾಭ ಪಡೆಯುವವರನ್ನು ಬಿಡುವುದಿಲ್ಲ ಎಂಬ ಪ್ರಮಾಣಪತ್ರಕ್ಕೆ ಸ್ವತಃ ಮೇರಿಯೇ ಸಹಿ ಹಾಕಿದ್ದಳು, ತನ್ನ ಮೇಲಿನ ಅನುಮಾನ ಕಳೆಯಲಿ ಎಂದು. ತನ್ನ ಕೊರಳಿಗೆ ತಾನೇ ಹಗ್ಗ ಹೊಸೆದ ಹಾಗಾಯಿತು.

ಎರಡು ದಿನದ ಕಲಾಪದಲ್ಲಿ ಮೇರಿಗೆ ವಕೀಲರಿಲ್ಲ, ಟಿಪ್ಪಣಿ ಇಲ್ಲ, ತನ್ನ ಕಾಗದಗಳಿಲ್ಲ. ಅಟಾರ್ನಿ ಜನರಲ್ ಪೋಫಮ್‌ನ ಕಡೆಯವರು ಓದಿದ್ದು ಪತ್ರದ ಮೂಲವನ್ನಲ್ಲ, ಬಿಡಿಸಿದ ಪ್ರತಿಯನ್ನು. ಮೂಲ ತೋರಿಸಿ, ನನ್ನ ಕೈಬರಹ ತೋರಿಸಿ ಎಂದಳು. ಇರಲಿಲ್ಲ. ಬ್ಯಾಬಿಂಗ್ಟನ್‌ನನ್ನು ಕರೆಸಿ ಎನ್ನಲೂ ಆಗದು: ವಿಚಾರಣೆಗೆ ಮೂರು ವಾರ ಮೊದಲೇ, ಸೆಪ್ಟೆಂಬರ್ 20ರಂದು, ಅವನನ್ನು ಲಂಡನ್ನಿನಲ್ಲಿ ಕೊಂದಾಗಿತ್ತು. ನೋ ಮತ್ತು ಕರ್ಲ್ ಜೀವಂತವಿದ್ದರು, ಆದರೆ ಲಂಡನ್ನಿನಲ್ಲಿ. ಅವರ ಹೇಳಿಕೆ ಮಾತ್ರ ಇಲ್ಲಿಗೆ ಬಂತು. ವಾಲ್ಸಿಂಗಮ್ ಕಾಗದ ಸೃಷ್ಟಿಸಿರಬಹುದು ಎಂದು ಮೇರಿ ಎದುರೆದುರೇ ಹೇಳಿದಾಗ ಅವನು ಎದ್ದು ನಿಂತು, ಖಾಸಗಿ ಮನುಷ್ಯನಾಗಿ ತಾನು ಅಪ್ರಾಮಾಣಿಕವಾದದ್ದೇನೂ ಮಾಡಿಲ್ಲವೆಂದು ದೇವರ ಸಾಕ್ಷಿ ಹೇಳಿದ. ‘ಖಾಸಗಿ ಮನುಷ್ಯನಾಗಿ’ ಎಂಬ ಆ ಮಾತನ್ನು ಎರಡು ಸಲ ಓದಬೇಕು. ಹಾಗೆಂದು ಮೇರಿ ಏನೂ ಅರಿಯದವಳೆಂದು ಹೇಳಲಾಗದು. ಪತ್ರ ಬರೆಸಿದ್ದು ಆಕೆಯೇ ಎಂದೇ ಬಹುತೇಕ ಇತಿಹಾಸಕಾರರ ಅಭಿಪ್ರಾಯ. ಮೊಕದ್ದಮೆ ನಿಜ, ನಡೆಸಿದ ರೀತಿ ಪೊಳ್ಳು. ಎರಡೂ ಒಟ್ಟಿಗೆ ಇರಬಲ್ಲವು.

ತೀರ್ಪು ಇಲ್ಲಿ ಬರಲಿಲ್ಲ. ಆಯೋಗ ಹತ್ತು ದಿನ ಮುಂದೂಡಿ ಲಂಡನ್ನಿಗೆ ಹೋಯಿತು. ಮೇರಿ ಇಲ್ಲೇ ಉಳಿದಳು. ನವೆಂಬರಿನಲ್ಲಿ ಪಾಲೆಟ್ ಮತ್ತೆ ಬಂದು ಮೇಲ್ಕಟ್ಟು ಕಿತ್ತುಹಾಕಿದ, ಕಾನೂನಿನ ಕಣ್ಣಿಗೆ ನೀವು ಸತ್ತ ಹೆಂಗಸು ಎಂದು. ಆ ಜಾಗದಲ್ಲಿ ಮೇರಿ ಶಿಲುಬೆ ತೂಗುಹಾಕಿದಳು. ಇದೇ ಪಾಲೆಟ್, ಮರಣದಂಡನೆಯ ಜವಾಬ್ದಾರಿ ತಪ್ಪಿಸಿಕೊಳ್ಳಲು ಎಲಿಜಬೆತ್ ಸದ್ದಿಲ್ಲದೆ ಮುಗಿಸಿಬಿಡು ಎಂದು ಸೂಚನೆ ಕಳಿಸಿದಾಗ ಸಾಧ್ಯವಿಲ್ಲವೆಂದು ಬರೆದ. 1587ರ ಫೆಬ್ರವರಿ 8ರ ಬೆಳಿಗ್ಗೆ ಕೋಟೆಯ ದೊಡ್ಡ ಹಜಾರದಲ್ಲಿ ಕಪ್ಪು ಬಟ್ಟೆ ಹೊದಿಸಿದ ಕಟ್ಟೆಯ ಮೇಲೆ ಮೇರಿಯ ತಲೆ ಕಡಿದರು. ಒಂದೇ ಪೆಟ್ಟಿಗೆ ಆಗಲಿಲ್ಲ. ಲಂಗದ ಮಡಿಕೆಯಿಂದ ಆಕೆಯ ಪುಟ್ಟ ನಾಯಿ ಹೊರಬಂತು.

ತಾಳೀಕೋಟೆ ನೆನಪಾಗದೆ ಇರದು. 1565ರಲ್ಲಿ ಸೆರೆಸಿಕ್ಕ ಅಳಿಯ ರಾಮರಾಯನ ತಲೆಯನ್ನು ಯುದ್ಧಭೂಮಿಯಲ್ಲೇ ತೆಗೆದರು. ಆಯೋಗ, ಕಾಗದ, ಕುರ್ಚಿ ಯಾವುದೂ ಬೇಕಾಗಲಿಲ್ಲ. ಇಲ್ಲಿ ನಾಲ್ಕು ತಿಂಗಳ ಕಾಗದ ಬೇಕಾಯಿತು.

ದಿಬ್ಬದ ಮೇಲೆ ಬೆಳೆಯುವ ಮುಳ್ಳುಗಿಡ ಸ್ಕಾಟ್ಲೆಂಡಿನ ಥಿಸಲ್, ಮೇರಿಯೇ ನೆಟ್ಟದ್ದು ಎಂಬ ಕತೆ ಊರಲ್ಲಿದೆ. ಅಕ್ಟೋಬರಿನಲ್ಲಿ ಅದು ಒಣಗಿ ನಿಂತಿರುತ್ತದೆ, ಪ್ಯಾಂಟಿಗೆ ಚುಚ್ಚುತ್ತದೆ. ಆರು ಗಂಟೆಯೊಳಗೆ ಕತ್ತಲು. ಅಷ್ಟರಲ್ಲಿ ಚರ್ಚನ್ನೂ ನೋಡಿಬಿಡಿ, ಯಾರ್ಕ್ ರಾಜವಂಶದವರ ಗೋರಿಗಳಿವೆ. ಪಾಳುಬಿದ್ದಿದ್ದ ಅವನ್ನು ಹೊಸದಾಗಿ ಕಟ್ಟಿಸಿದ್ದು ಎಲಿಜಬೆತ್ತೇ.

ದಿನ 5: ಪೀಟರ್‌ಬರೋ

ಮೇರಿಯ ದೇಹವನ್ನು ಸೀಸದಲ್ಲಿ ಮುಚ್ಚಿ ಸುಮಾರು ಆರು ತಿಂಗಳು ಕೋಟೆಯಲ್ಲೇ ಇಟ್ಟಿದ್ದರು. ಜುಲೈ ಕೊನೆಯ ರಾತ್ರಿಯೊಂದರಲ್ಲಿ ಪಂಜಿನ ಬೆಳಕಲ್ಲಿ ಪೀಟರ್‌ಬರೋಗೆ ಸಾಗಿಸಿ, ಆಗಸ್ಟ್ 1ಕ್ಕೆ ಅಂತ್ಯವಿಧಿ. ಈಗ ಅದೇ ದೂರ ಇಪ್ಪತ್ತೈದು ನಿಮಿಷ. ಕಾರನ್ನು ಇಲ್ಲೇ ಹಿಂತಿರುಗಿಸಿಬಿಡುವುದು ಲೇಸು, ಲಂಡನ್ನಿನಲ್ಲಿ ಅದು ಹೊರೆ.

ಕೆಥೆಡ್ರಲ್‌ನ ಮುಂಭಾಗದ ಮೂರು ಭಾರಿ ಕಮಾನುಗಳ ಎದುರು ಮನುಷ್ಯ ಇರುವೆ. ಒಳಗೆ ಎಡಬದಿಯ ಓಣಿಯಲ್ಲಿ ಎಂಟನೇ ಹೆನ್ರಿಯ ಮೊದಲ ಹೆಂಡತಿ ಕ್ಯಾಥರೀನ್ ಗೋರಿ. ಮೇಲೆ ಯಾರೋ ದಾಳಿಂಬೆ ಹಣ್ಣು ಇಟ್ಟಿದ್ದರು, ಅದು ಆಕೆಯ ಲಾಂಛನ. ಬಲಬದಿಯಲ್ಲಿ ಮೇರಿಯನ್ನು ಹೂತ ಜಾಗ, ಈಗ ಬರಿದು. ಹೊರಗೆ ಹೋಗುವಾಗ ತಲೆಯೆತ್ತಿದರೆ ಪಶ್ಚಿಮ ಗೋಡೆಯ ಮೇಲೆ ಸನಿಕೆ ಹಿಡಿದ ಮುದುಕನ ಚಿತ್ರ, ರಾಬರ್ಟ್ ಸ್ಕಾರ್ಲೆಟ್. ಇಬ್ಬರು ರಾಣಿಯರಿಗೂ ಗುಂಡಿ ತೋಡಿದವನು ಇವನೇ ಎನ್ನುತ್ತಾರೆ. 1594ರಲ್ಲಿ ಸತ್ತಾಗ ವಯಸ್ಸು 98. ಅಲ್ಲಿದ್ದ ಸ್ವಯಂಸೇವಕಿ ಹೇಳಿದಂತೆ ಮಕ್ಕಳು ಮೊದಲು ಕೇಳುವುದು ರಾಣಿಯರ ಬಗ್ಗೆ ಅಲ್ಲ, ಈ ಮುದುಕನ ಬಗ್ಗೆ.

ದಿನ 6: ವೆಸ್ಟ್‌ಮಿನ್‌ಸ್ಟರ್

ಪೀಟರ್‌ಬರೋದಿಂದ ಕಿಂಗ್ಸ್ ಕ್ರಾಸ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆಯೂ ಬೇಡ. ತೀರ್ಪು ಕೊಟ್ಟ ಸ್ಟಾರ್ ಚೇಂಬರ್ ಕಟ್ಟಡ ಈಗಿಲ್ಲ. 1586ರ ಅಕ್ಟೋಬರ್ 25ರಂದು ಅಲ್ಲಿ ನೋ ಮತ್ತು ಕರ್ಲ್‌ರನ್ನು ಕೊನೆಗೂ ಖುದ್ದಾಗಿ ನಿಲ್ಲಿಸಿದರು, ಮೇರಿಯ ಗೈರುಹಾಜರಿಯಲ್ಲಿ. ಅಪರಾಧಿ ಎಂದರು. ಸಂಪೂರ್ಣ ಒಪ್ಪದೆ ನಿಂತವನು ಝೂಷ್ ಪ್ರಭು ಒಬ್ಬನೇ.

ಉಳಿದಿರುವುದು ವೆಸ್ಟ್‌ಮಿನ್‌ಸ್ಟರ್ ಹಾಲ್. ಪಾರ್ಲಿಮೆಂಟ್ ನೋಡಲು ಬಂದವರು ವಿಮಾನ ನಿಲ್ದಾಣದಂಥ ತಪಾಸಣೆ ದಾಟಿ ಇದರ ಮೂಲಕವೇ ಹೋಗಬೇಕು. ಮೆಟ್ಟಿಲಿನ ಬಳಿ ನೆಲದಲ್ಲಿ ಒಂದು ಹಿತ್ತಾಳೆ ಫಲಕವಿದೆ: 1649ರಲ್ಲಿ ಒಂದನೇ ಚಾರ್ಲ್ಸ್ ದೊರೆಯನ್ನು ಅವನದೇ ಪ್ರಜೆಗಳು ರಾಜದ್ರೋಹಕ್ಕೆ ವಿಚಾರಿಸಿದ ಜಾಗ. ಚಾರ್ಲ್ಸ್ ಮೇರಿಯ ಮೊಮ್ಮಗ. ಈ ಪೀಠಕ್ಕೆ ನನ್ನನ್ನು ವಿಚಾರಿಸುವ ಅಧಿಕಾರ ಎಲ್ಲಿಂದ ಬಂತು ಎಂದು ಅವನೂ ಕೇಳಿದ. ಅವನಂತೂ ಆರೋಪಕ್ಕೆ ಉತ್ತರಿಸಲೇ ಇಲ್ಲ.

ಎದುರಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಎಂಬ ಚರ್ಚಿಗೆ ಟಿಕೆಟ್ ದುಬಾರಿ, ಮುಂಗಡ ಕಾದಿರಿಸಿದರೆ ಸಾಲು ತಪ್ಪುತ್ತದೆ. ಭಾನುವಾರ ಪ್ರವಾಸಿಗರಿಗಿಲ್ಲ. ಸಂಜೆಯ ಪ್ರಾರ್ಥನೆಗೆ ಪುಕ್ಕಟೆ ಪ್ರವೇಶವಿದ್ದರೂ ಆಗ ಗೋರಿಗಳ ಹತ್ತಿರ ಬಿಡುವುದಿಲ್ಲ. ಏಳನೇ ಹೆನ್ರಿಯ ಚಾಪೆಲ್‌ನ ಉತ್ತರ ಓಣಿಯಲ್ಲಿ ಎಲಿಜಬೆತ್, ದಕ್ಷಿಣ ಓಣಿಯಲ್ಲಿ ಮೇರಿ, ನಡುವೆ ಗೋಡೆಗಳು. ಎಲಿಜಬೆತ್‌ಳ ನಂತರ ಸಿಂಹಾಸನವೇರಿದ ಮೇರಿಯ ಮಗ ಜೇಮ್ಸ್ 1612ರಲ್ಲಿ ತಾಯಿಯನ್ನು ಪೀಟರ್‌ಬರೋದಿಂದ ಇಲ್ಲಿಗೆ ತರಿಸಿದ. ಎರಡೂ ಗೋರಿ ಕಟ್ಟಿಸಿದ್ದು ಅವನೇ. ಎಲಿಜಬೆತ್‌ಳದು ನೋಡಿ ದಕ್ಷಿಣ ಓಣಿಗೆ ಬಂದರೆ ಮೇರಿಯದು ಎತ್ತರ ಎಂಬುದು ಕಣ್ಣಳತೆಗೇ ಗೊತ್ತಾಗುತ್ತದೆ. ಕೈ ಮುಗಿದು ಮಲಗಿದ ಬಿಳಿ ಅಮೃತಶಿಲೆಯ ಆಕೃತಿ, ಕಾಲ ಬಳಿ ಕಿರೀಟ ತೊಟ್ಟ ಸ್ಕಾಟ್ಲೆಂಡಿನ ಸಿಂಹ. ತಲೆಯ ಮೇಲೆ ಕಂಬಗಳ ಆಧಾರದಲ್ಲಿ ಮೇಲ್ಕಟ್ಟು, ಈ ಸಲ ಕಲ್ಲಿನದು.